ಗೆರೆಗಳೆಲ್ಲ ತುಂಬಿವೆ, ನೆಟ್ ಮಾತ್ರ ಇಲ್ಲ

ಫೋನಿನ ಮೂಲೆಯಲ್ಲಿ ವೈಫೈ ಗುರುತಿನ ಗೆರೆಗಳೆಲ್ಲ ತುಂಬಿಕೊಂಡಿವೆ. ಆದರೆ ವಿಡಿಯೊ ಮುಂದೆ ಹೋಗುತ್ತಿಲ್ಲ. ಕಳಿಸಿದ ಮೆಸೇಜಿಗೆ ಒಂದು ಟಿಕ್ ಕೂಡ ಬಿದ್ದಿಲ್ಲ. ಆಗ ಹೆಚ್ಚಿನವರು ಸಿಗ್ನಲ್ ಹೆಚ್ಚಿಸುವ ದಾರಿ ಹುಡುಕುತ್ತಾರೆ. 'ವೈಫೈ ಬೂಸ್ಟರ್' ಅಂತ ಹೆಸರಿಟ್ಟ ಆ್ಯಪ್ ಹಾಕಿಕೊಳ್ಳುತ್ತಾರೆ. ಫೋನಿನ ಬೆನ್ನಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸುತ್ತಾರೆ.

ಆ್ಯಪ್ ಹಾಕಿದರೆ ಆಂಟೆನಾ ಉದ್ದವಾಗುವುದಿಲ್ಲ. ಫೋನಿನ ರೇಡಿಯೊ ಎಷ್ಟು ಜೋರಾಗಿ ಕಳಿಸಬಹುದು ಎಂಬುದನ್ನು ಅದರ ಚಿಪ್ ಮತ್ತು ಕಾನೂನಿನ ಮಿತಿ ತೀರ್ಮಾನಿಸುತ್ತವೆ. ಅಲ್ಲಿಗೆ ಯಾವ ಬೂಸ್ಟರ್ ಆ್ಯಪ್‌ನ ಕೈಯೂ ಎಟುಕುವುದಿಲ್ಲ. ಇನ್ನು ಆ ಸ್ಟಿಕ್ಕರ್. ಕೆಲವರು ಸಿಗ್ನಲ್ ಹೆಚ್ಚಲಿ ಎಂದು ಅಂಟಿಸುತ್ತಾರೆ, ಇನ್ನು ಕೆಲವರು 'ರೇಡಿಯೇಷನ್' ತಡೆಯಲಿ ಎಂದು. ಅದು ನಿಜಕ್ಕೂ ತರಂಗ ತಡೆಯುವಂತಿದ್ದರೆ ನಿಮ್ಮ ನೆಟ್ ಹಾಳಾಗುತ್ತದೆ. ತಡೆಯದಿದ್ದರೆ ಅದು ಸುಮ್ನೆ ಒಂದು ಕಾಗದ. ಮೂರನೇ ಸಾಧ್ಯತೆ ಇಲ್ಲ.

ಇವೆಲ್ಲದರ ಬುಡದಲ್ಲಿ ಇರುವುದು ಒಂದೇ ತಪ್ಪು ತಿಳಿವಳಿಕೆ. ಗೆರೆ ಇದ್ದರೆ ನೆಟ್ ಇದ್ದಂತೆ ಎಂದು ನಾವು ನಂಬಿದ್ದೇವೆ. ಆ ಗೆರೆಗಳು ನಿಜಕ್ಕೂ ಏನನ್ನು ಅಳೆಯುತ್ತವೆ? ರೂಟರ್ ಸೆಕೆಂಡಿಗೆ ಸುಮಾರು 10 ಸಲ 'ನಾನಿಲ್ಲಿದ್ದೇನೆ' ಎಂದು ಒಂದು ಪುಟ್ಟ ಸಂದೇಶ ಸಾರುತ್ತಿರುತ್ತದೆ. ಇದಕ್ಕೆ ಬೀಕನ್ ಎನ್ನುತ್ತಾರೆ. ಅಂಥ ಸಂದೇಶಗಳು ತನಗೆ ಎಷ್ಟು ಜೋರಾಗಿ ಕೇಳುತ್ತಿವೆ ಎಂಬುದನ್ನು ಫೋನ್ ಅಳೆದು ಗೆರೆಗಳಾಗಿ ತೋರಿಸುತ್ತದೆ. ಅಳತೆಯ ಮಾನ ಡಿಬಿಎಂ. ಇದರಲ್ಲಿ ಅಂಕಿ 10 ಇಳಿದರೆ ಬಲ 10 ಪಟ್ಟು ಇಳಿದಂತೆ. ರೂಟರ್ ಪಕ್ಕದಲ್ಲಿ -40, ಎರಡು ಗೋಡೆ ದಾಟಿದ ಮೇಲೆ -70 ಬಂದರೆ ಆಶ್ಚರ್ಯವಿಲ್ಲ. ನೋಡಲು ಚಿಕ್ಕ ವ್ಯತ್ಯಾಸ, ಆದರೆ ಈ 30ರ ಅಂತರ ಅಂದರೆ ಬಲ 1000 ಪಟ್ಟು ಇಳಿದಿದೆ ಎಂದರ್ಥ. ಅಷ್ಟಾದರೂ ವೈಫೈ ಕೆಲಸ ಮಾಡುತ್ತದೆ! ಯಾವ ಅಂಕಿಗೆ ಎಷ್ಟು ಗೆರೆ ಎಂಬುದನ್ನು ಫೋನ್ ತಯಾರಕರು ತಮ್ಮಿಷ್ಟದಂತೆ ಇಟ್ಟುಕೊಂಡಿದ್ದಾರೆ. ಹಾಗಾಗಿ ನಿಮ್ಮ ಫೋನಿನ ಮೂರು ಗೆರೆಯನ್ನು ಇನ್ನೊಬ್ಬರ ಎರಡು ಗೆರೆಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಗೆರೆಗಳು ರೂಟರ್‌ನ ದನಿ ಫೋನಿಗೆ ಕೇಳುತ್ತಿದೆ ಅಂತಷ್ಟೇ ಹೇಳುತ್ತವೆ. ಫೋನಿನ ದನಿ ರೂಟರ್‌ಗೆ ಕೇಳುತ್ತಿದೆಯೇ? ಗೊತ್ತಿಲ್ಲ. ರೂಟರ್‌ಗೆ ಗೋಡೆಯ ಕರೆಂಟು, ಉದ್ದುದ್ದ ಆಂಟೆನಾ ಇವೆ. ಫೋನಿಗೆ ಇರುವುದು ಬ್ಯಾಟರಿ ಮತ್ತು ಅಂಚಿನಲ್ಲಿ ತುರುಕಿದ ಪುಟ್ಟ ಆಂಟೆನಾ, ಅದನ್ನೂ ನಮ್ಮ ಕೈ ಮುಚ್ಚಿರುತ್ತದೆ. ವೈಫೈನಲ್ಲಿ ಕಳಿಸಿದ ಡೇಟಾದ ಪ್ರತಿ ತುಣುಕಿಗೂ 'ತಲುಪಿತು' ಎಂಬ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಕಳಿಸಬೇಕು. ಮನೆಯ ತುದಿಯಲ್ಲಿ ನಿಂತಾಗ ಗೆರೆಗಳಿದ್ದೂ ನೆಟ್ ತೆವಳುವುದಕ್ಕೆ ಈ ಒಂದು ಕಡೆಯ ಕಿವುಡುತನ ಅನೇಕ ಸಲ ಕಾರಣ.

ಆದರೆ ನನಗೆ ಇದಕ್ಕಿಂತ ಇಷ್ಟವಾದ ಕಾರಣ ಬೇರೆ ಇದೆ. ಸರದಿ. ಒಂದು ಚಾನೆಲ್‌ನಲ್ಲಿ, ಅಂದರೆ ರೇಡಿಯೊ ತರಂಗಗಳ ಒಂದು ಓಣಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದೂ ಹಾಳು. ಹಾಗಾದರೆ ಯಾರು ಯಾವಾಗ ಮಾತಾಡಬೇಕು ಅಂತ ತೀರ್ಮಾನಿಸುವುದು ಯಾರು? ಮನೆಯ ವೈಫೈನಲ್ಲಿ ಬಹುಮಟ್ಟಿಗೆ ಯಾರೂ ಅಲ್ಲ!

ಯಜಮಾನನಿಲ್ಲದೆ ಸರದಿ ನಡೆಸುವ ಈ ಉಪಾಯದ ಬೇರು ಹವಾಯಿಯಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಒಂದು ದ್ವೀಪದಲ್ಲಿ, ಅದನ್ನು ಬಳಸಬೇಕಾದವರು ಬೇರೆ ಬೇರೆ ದ್ವೀಪಗಳಲ್ಲಿ. ನಡುವೆ ಸಮುದ್ರ. ಪ್ರೊಫೆಸರ್ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಅಲೋಹಾನೆಟ್ ಎಂಬ ರೇಡಿಯೊ ಜಾಲ ನಡೆಸಿ ತೋರಿಸಿದರು. ನಿಯಮ ಬಲು ಸರಳ. ಹೇಳುವುದಿದ್ದರೆ ಹೇಳಿಬಿಡು. 'ತಲುಪಿತು' ಎಂಬ ಉತ್ತರ ಬಾರದಿದ್ದರೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳು. ಎಲ್ಲರೂ ಒಂದೇ ಅವಧಿ ಕಾದರೆ ಮತ್ತೆ ಡಿಕ್ಕಿಯೇ. ಅದಕ್ಕೇ ಆ ಕಾಯುವಿಕೆ ಲಾಟರಿಯಂತೆ ಇರಬೇಕು. ಇಷ್ಟು ಒರಟು ನಿಯಮದಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ. 18ರಷ್ಟು ಹೊತ್ತು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ಹೇಳಿತು. ಉಳಿದದ್ದೆಲ್ಲ ಡಿಕ್ಕಿ ಮತ್ತು ಮೌನ.

ಇದನ್ನು ಓದಿ ಬೆಳೆದವರು ರಾಬರ್ಟ್ ಮೆಟ್ಕಾಫ್. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ, ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್‌ನ ಕಲ್ಪನೆ ಬರೆದಿಟ್ಟರು. ಮಾತಾಡುವ ಮುಂಚೆ ಕಿವಿಗೊಡು, ಮಾತಾಡುವಾಗಲೂ ಕಿವಿಗೊಡು, ಡಿಕ್ಕಿ ಕೇಳಿಸಿದರೆ ತಕ್ಷಣ ನಿಲ್ಲಿಸು. ತಂತಿಯಲ್ಲಿ ಇದು ಚೆನ್ನಾಗಿ ನಡೆಯಿತು. ರೇಡಿಯೊದಲ್ಲಿ ನಡೆಯುವುದಿಲ್ಲ. ತನ್ನದೇ ಕೂಗಿನ ಅಬ್ಬರದಲ್ಲಿ ಫೋನಿಗೆ ದೂರದವರ ದನಿ ಕೇಳುವುದೇ ಇಲ್ಲ. ಹಾಗಾಗಿ 1997ರಲ್ಲಿ 802.11 ಎಂಬ ವೈಫೈ ಮಾನದಂಡ ಬಂದಾಗ, ಡಿಕ್ಕಿ ಆದ ಮೇಲೆ ಪತ್ತೆ ಮಾಡುವ ಬದಲು ಆಗದಂತೆ ನೋಡಿಕೊಳ್ಳುವ ದಾರಿ ಹಿಡಿದರು.

ಕತ್ತಲೆ ಕೋಣೆಯಲ್ಲಿ ಅಧ್ಯಕ್ಷರಿಲ್ಲದ ಒಂದು ಸಭೆ ನಡೆದಿದೆ ಅಂದುಕೊಳ್ಳಿ. ಎಲ್ಲರಿಗೂ ಹೇಳುವುದಿದೆ. ಯಾರೋ ಮಾತಾಡುತ್ತಿದ್ದರೆ ಉಳಿದವರು ಸುಮ್ಮನಿರುತ್ತಾರೆ. ಅವರು ನಿಲ್ಲಿಸಿದ ಕೂಡಲೇ ಯಾರೂ ಹಾರಿ ಬೀಳುವುದಿಲ್ಲ. ಪ್ರತಿಯೊಬ್ಬರೂ ಮನಸ್ಸಿನಲ್ಲೇ 0ರಿಂದ 15ರೊಳಗೆ ಒಂದು ಸಂಖ್ಯೆ ಹಿಡಿದು ಕೆಳಗೆ ಎಣಿಸುತ್ತಾರೆ. ಮೊದಲು ಸೊನ್ನೆ ಮುಟ್ಟಿದವರು ಮಾತು ಶುರು ಮಾಡುತ್ತಾರೆ. ಉಳಿದವರು ಎಣಿಕೆ ಅಲ್ಲಿಗೇ ನಿಲ್ಲಿಸಿ, ಮುಂದಿನ ಮೌನದಲ್ಲಿ ಅಲ್ಲಿಂದಲೇ ಮುಂದುವರಿಸುತ್ತಾರೆ. ಇಬ್ಬರು ಒಟ್ಟಿಗೆ ಸೊನ್ನೆ ಮುಟ್ಟಿ ಡಿಕ್ಕಿಯಾದರೆ, ಮುಂದಿನ ಸಲ 0ರಿಂದ 31ರೊಳಗೆ ಆರಿಸುತ್ತಾರೆ. ಮತ್ತೂ ಆದರೆ 63, ಹೀಗೆ 1023ರ ತನಕ. ಒಂದೊಂದು ಎಣಿಕೆಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ 9 ಭಾಗ. ನಿಮ್ಮ ಫೋನ್ ಈಗಲೂ ಹೀಗೆ ಎಣಿಸುತ್ತಿದೆ. ಯಜಮಾನನಿಲ್ಲದೆ, ಬರಿ ಲಾಟರಿಯಿಂದ ಇಷ್ಟು ಶಿಸ್ತು ಬರುತ್ತದಲ್ಲ, ಅದು ನನಗೆ ಯಾವತ್ತೂ ಸೋಜಿಗ.

ಈಗ ಆ ಸಭೆಗೆ ಬಹಳ ನಿಧಾನವಾಗಿ ಮಾತಾಡುವವರೊಬ್ಬರು ಬಂದರೆ? ಲಾಟರಿ ಎಲ್ಲರಿಗೂ ಸಮ ಸಂಖ್ಯೆಯ ಸರದಿ ಕೊಡುತ್ತದೆ, ಸಮ ಸಮಯ ಕೊಡುವುದಿಲ್ಲ. ದೂರದ ಕೋಣೆಯ ಫೋನ್ ದನಿ ಕೇಳದೆ ವೇಗ ತಗ್ಗಿಸಿ, ಸೆಕೆಂಡಿಗೆ 6 ಮೆಗಾಬಿಟ್‌ಗೆ ಇಳಿಯಿತು ಅನ್ನಿ. 1500 ಬೈಟ್‌ನ ಒಂದು ತುಣುಕು ಕಳಿಸಲು ಅದಕ್ಕೆ 2 ಮಿಲಿಸೆಕೆಂಡ್ ಬೇಕು. ರೂಟರ್ ಪಕ್ಕದ ಲ್ಯಾಪ್‌ಟಾಪ್ 300 ಮೆಗಾಬಿಟ್‌ನಲ್ಲಿ ಅದನ್ನೇ 0.04 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. 50 ಪಟ್ಟು ಅಂತರ! ಫೋನ್ ಒಂದು ಸಲ ಬಾಯಿ ತೆರೆದರೆ ಲ್ಯಾಪ್‌ಟಾಪ್‌ನ 50 ಸರದಿಯಷ್ಟು ಹೊತ್ತು ಹೋಯಿತು. ಮನೆಯಲ್ಲಿ ಒಬ್ಬರು ದೂರದ ಮೂಲೆಯಲ್ಲಿ ವಿಡಿಯೊ ನೋಡುತ್ತಿದ್ದರೆ ರೂಟರ್ ಪಕ್ಕ ಕೂತವರ ನೆಟ್ ಯಾಕೆ ಕುಂಟುತ್ತದೆ ಎಂಬುದಕ್ಕೆ ಇದು ಉತ್ತರ. ಕುಂಟುವವರ ಫೋನಿನಲ್ಲಿ ಗೆರೆಗಳು ತುಂಬಿಯೇ ಇರುತ್ತವೆ.

ಪಕ್ಕದ ಮನೆಯವರೂ ಅದೇ ಸಭೆಯಲ್ಲಿದ್ದಾರೆ. ಪಾಸ್‌ವರ್ಡ್ ಬೇರೆ ಇರಬಹುದು, ಗಾಳಿ ಒಂದೇ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳಿಗೆ 1, 2, 3 ಎಂದು ನಂಬರ್ ಇದ್ದರೂ ಅವು ಒಂದಕ್ಕೊಂದು 5 ಮೆಗಾಹರ್ಟ್ಸ್ ದೂರದಲ್ಲಷ್ಟೇ ಇವೆ. ಒಂದು ಸಂಪರ್ಕಕ್ಕೆ ಬೇಕಾದ ಅಗಲ ಸುಮಾರು 20. ಹೀಗಾಗಿ ಒಂದರ ಮೇಲೊಂದು ಬೀಳದೆ ಹೊಂದುವುದು 1, 6 ಮತ್ತು 11 ಮಾತ್ರ. 'ಎಲ್ಲರೂ 1 ಮತ್ತು 6ರಲ್ಲಿದ್ದಾರೆ, ನಾನು ಜಾಣ, 3 ಹಾಕಿಕೊಳ್ಳುತ್ತೇನೆ' ಅಂದರೆ ಎರಡೂ ಕಡೆಯ ಗದ್ದಲ ನಿಮಗೇ. ಒಂದೇ ಚಾನೆಲ್‌ನಲ್ಲಿರುವ ನೆರೆಯವರ ಮಾತು ಅರ್ಥವಾಗುತ್ತದೆ, ಸರದಿ ಸಿಗುತ್ತದೆ. ಅರೆಬರೆ ಮೇಲೆ ಬಿದ್ದ ಚಾನೆಲ್‌ನವರ ಮಾತು ಬರಿ ಗಲಾಟೆ.

ಗಲಾಟೆ ಅಂದಾಗ ಮೈಕ್ರೋವೇವ್ ಓವನ್ ಬಿಡುವಂತಿಲ್ಲ. ಅದು 2450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಅಂದರೆ ವೈಫೈ ಪಟ್ಟಿಯ ಒಳಗೇ. ನೀರಿನ ಅಣು ಸರಿಯಾಗಿ ಈ ಕಂಪನಕ್ಕೆ ಕುಣಿಯುತ್ತದೆ, ಅದಕ್ಕೇ ಈ ಸಂಖ್ಯೆ ಆರಿಸಿದರು ಎಂಬ ಕತೆ ಎಲ್ಲೆಲ್ಲೂ ಇದೆ. ಸುಳ್ಳು. ನೀರು ಬಹಳ ಅಗಲದ ಪಟ್ಟಿಯಲ್ಲಿ ಶಕ್ತಿ ಹೀರುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಹೀರುವಿಕೆ ಅತಿ ಹೆಚ್ಚಿರುವುದು 20 ಗಿಗಾಹರ್ಟ್ಸ್ ಹತ್ತಿರ. 2450 ಬಂದದ್ದು ಕಾಗದಪತ್ರದ ಕಾರಣಕ್ಕೆ: ಕಾಯಿಸುವ ಯಂತ್ರಗಳು, ಕಾರ್ಖಾನೆ, ವೈದ್ಯಕೀಯ ಉಪಕರಣಗಳಿಗೆಂದು 1947ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬಿಟ್ಟುಕೊಟ್ಟ ಪಟ್ಟಿ ಅದು. ಗದ್ದಲದ ಜಾಗ, ಸಂಪರ್ಕಕ್ಕೆ ಯಾರಿಗೂ ಬೇಡವಾಗಿತ್ತು. 1985ರಲ್ಲಿ ಅಮೆರಿಕದ ರೇಡಿಯೊ ಬಳಕೆ ನಿಯಂತ್ರಿಸುವ ಸಂಸ್ಥೆ ಎಫ್‌ಸಿಸಿ ಅಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೊ ಬಳಸಲು ಬಿಟ್ಟಿತು, ವೈಫೈ ಅಲ್ಲಿ ಬಂದು ಕೂತಿತು. ಓವನ್ ಸುಮಾರು 1000 ವ್ಯಾಟ್, ರೂಟರ್ 0.1 ವ್ಯಾಟ್ ಸುತ್ತಮುತ್ತ. ಓವನ್‌ನ ಶಕ್ತಿಯಲ್ಲಿ ಹತ್ತು ಸಾವಿರದ ಒಂದು ಪಾಲು ಸೋರಿದರೂ ರೂಟರ್‌ಗೆ ಸಮನಾಯಿತು. ಮೈಗೆ ಅದು ಲೆಕ್ಕಕ್ಕಿಲ್ಲ, ವೈಫೈಗೆ ತಲೆನೋವು. ಓವನ್ ತಿರುಗುವಾಗಷ್ಟೇ ನೆಟ್ ಹೋಗುತ್ತಿದ್ದರೆ 5 ಗಿಗಾಹರ್ಟ್ಸ್‌ಗೆ ಹೋಗಿ, ಮುಗಿಯಿತು. 5ರ ತರಂಗ ಗೋಡೆಯಲ್ಲಿ ಬೇಗ ಸೋಲುತ್ತದೆ ನಿಜ. ಆದರೆ ನೆರೆಯವರ ಗಲಾಟೆಯೂ ಹಾಗೇ ಸೋಲುತ್ತದೆ, ಅಲ್ವಾ?

ಫೋನ್ ಎತ್ತಿ ಹಿಡಿದು ಅತ್ತಿತ್ತ ಓಡಾಡುವವರನ್ನು ನೋಡಿ ನಗುವ ಹಾಗಿಲ್ಲ. ತರಂಗ ನೇರವಾಗಿಯೂ ಬರುತ್ತದೆ, ಗೋಡೆ ಬೀರುಗಳಿಗೆ ಬಡಿದೂ ಬರುತ್ತದೆ. ಎರಡೂ ಸೇರಿ ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. 2.4 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಹಾಗಾಗಿ ಫೋನ್ ಒಂದು ಗೇಣಿಗಿಂತ ಕಡಿಮೆ ಸರಿಸಿದರೂ ಅಂಥ ಗುಂಡಿಯಿಂದ ಹೊರಬರಬಹುದು. ಈ ಪ್ರತಿಧ್ವನಿಗಳನ್ನು ಪಳಗಿಸುವ ಒಂದು ಮುಖ್ಯ ಪೇಟೆಂಟ್ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಜಾನ್ ಓ'ಸಲಿವನ್ ತಂಡಕ್ಕೆ ಸಿಕ್ಕಿತು. ಅವರು ಅದಕ್ಕೆ ಮೊದಲು ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೊ ಸದ್ದು ಹುಡುಕುತ್ತಿದ್ದ ಖಗೋಳ ವಿಜ್ಞಾನಿ. ಕಪ್ಪುಕುಳಿಯ ಸದ್ದು ಸಿಗಲಿಲ್ಲ.

ಇಷ್ಟೆಲ್ಲ ಗಾಳಿಯ ಮಾತಾಯಿತು. ತೊಂದರೆ ಗಾಳಿಯಲ್ಲೇ ಇಲ್ಲದಿರಬಹುದು. ಕಂಡುಹಿಡಿಯುವುದು ಸುಲಭ. ಫೋನ್ ಹಿಡಿದು ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ ನಿಲ್ಲಿ. ಅಲ್ಲಿ ನೆಟ್ ಸರಿಯಾದರೆ ತಪ್ಪು ದೂರದ್ದು ಅಥವಾ ಗೋಡೆಯದ್ದು. ಅಲ್ಲೂ ಬರದಿದ್ದರೆ ಇನ್ನೊಂದು ಫೋನ್ ತಂದು ನೋಡಿ. ಅದಕ್ಕೂ ಬರದಿದ್ದರೆ ನಿಮ್ಮ ಫೋನನ್ನು ಬೈಯುವುದು ಬಿಡಿ, ರೂಟರ್ ಅಥವಾ ಅದರಾಚೆಯ ಲೈನ್ ನೋಡಿ. ನಿಮ್ಮ ಫೋನಿಗೆ ಮಾತ್ರ ಬರುತ್ತಿಲ್ಲವೇ? ವೈಫೈ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ, ಅಂದರೆ ಜಾಲದಲ್ಲಿ ಫೋನಿಗೆ ಸಿಕ್ಕ ನಂಬರ್, ನೋಡಿ. 169.254 ಎಂದು ಶುರುವಾಗುತ್ತಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಫೋನ್ ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ವಿಳಾಸ ಸರಿಯಿದ್ದರೆ ಅದೇ ಪುಟದಲ್ಲಿ ಗೇಟ್‌ವೇ ಎಂದು ಕಾಣುವ ಅಂಕಿಯನ್ನು (ಅದು ರೂಟರ್‌ನ ವಿಳಾಸ) ಬ್ರೌಸರ್‌ನಲ್ಲಿ ಹಾಕಿ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ರೂಟರ್‌ನ ಪುಟ ತೆರೆದುಕೊಂಡರೆ ಗಾಳಿಯ ಸಂಪರ್ಕ ಗಟ್ಟಿಯಾಗಿದೆ. ಆಗ ಬೂಸ್ಟರ್ ಹುಡುಕುವುದು ದಂಡ.

'ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ' ಎಂಬ ಸೂಚನೆಯ ಹಿಂದೆಯೂ ಸಣ್ಣ ಪರೀಕ್ಷೆಯಿದೆ. ಆಂಡ್ರಾಯ್ಡ್ ಫೋನ್ ಒಂದು ಗೊತ್ತಾದ ವಿಳಾಸಕ್ಕೆ ಕೇಳಿಕೆ ಕಳಿಸಿ 204 ಎಂಬ ಖಾಲಿ ಉತ್ತರಕ್ಕೆ ಕಾಯುತ್ತದೆ. ಅದು ಬರದಿದ್ದರೆ ಈ ಸೂಚನೆ. ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ, ಅದು ಗಡಿಯಾರ. ಫೋನಿನ ತಾರೀಖು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ, ಏಕೆಂದರೆ ಅವುಗಳ ಪ್ರಮಾಣಪತ್ರಕ್ಕೆ ಶುರು ಮತ್ತು ಕೊನೆಯ ದಿನಾಂಕಗಳಿವೆ. ರೂಟರ್‌ನಲ್ಲಿ ಇಂತಿಂಥ ಫೋನಿಗೆ ಮಾತ್ರ ಪ್ರವೇಶ ಎಂದು ಪಟ್ಟಿ ಮಾಡಿಟ್ಟವರು ಇನ್ನೊಂದು ನೆನಪಿಡಿ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಫೋನ್ ತನ್ನ ನಿಜವಾದ ಮ್ಯಾಕ್ ವಿಳಾಸ (ಅದರ ವೈಫೈ ರೇಡಿಯೊದ ಗುರುತಿನ ಸಂಖ್ಯೆ) ಮುಚ್ಚಿಟ್ಟು ಸುಳ್ಳು ವಿಳಾಸ ತೋರಿಸಬಲ್ಲದು. ಪಟ್ಟಿಯಲ್ಲಿ ಇಲ್ಲದ ವಿಳಾಸವನ್ನು ರೂಟರ್ ಬಾಗಿಲಲ್ಲೇ ತಡೆಯುತ್ತದೆ.

ಆಫ್ ಮಾಡಿ ಆನ್ ಮಾಡುವುದು ಮಂತ್ರವೇನಲ್ಲ, ಅದಕ್ಕೆ ಕಾರಣವಿದೆ. ಮನೆಯಲ್ಲಿ ಎರಡು ರೂಟರ್ ಇದ್ದರೆ ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ಬಹುಪಾಲು ಫೋನೇ. ಅದು ಒಮ್ಮೆ ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ವೈಫೈ ಆಫ್ ಮಾಡಿ ಆನ್ ಮಾಡಿದಾಗ ಹೊಸದಾಗಿ ಆರಿಸುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಅದು ಕಟ್ಟಿಕೊಂಡ ತಾತ್ಕಾಲಿಕ ಪಟ್ಟಿಗಳು ಖಾಲಿಯಾಗುತ್ತವೆ, ಚಾನೆಲ್ ಆಯ್ಕೆ 'ಆಟೋ' ಇದ್ದರೆ ಮತ್ತೆ ಹುಡುಕುತ್ತದೆ. ಆದರೆ ಹಿಂಬದಿಯ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು ಬೇರೆಯೇ ಮಾತು. ಅದರಿಂದ ನೆಟ್ ಕೊಡುವವರು ಹಾಕಿದ್ದ ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತದೆ.

ಇನ್ನು ಅಂಗಡಿಯಲ್ಲಿ ಸಿಗುವ ಎಕ್ಸ್‌ಟೆಂಡರ್, ರೂಟರ್‌ನ ಮಾತು ಕೇಳಿ ಮುಂದಕ್ಕೆ ಸಾರುವ ಪೆಟ್ಟಿಗೆ. ಅದು ಗೆರೆ ಹೆಚ್ಚಿಸುತ್ತದೆ, ಸುಳ್ಳಲ್ಲ. ಆದರೆ ಒಂದೇ ರೇಡಿಯೊ ಇರುವ ಅಗ್ಗದ ಎಕ್ಸ್‌ಟೆಂಡರ್ ಕೇಳಿದ ಪ್ರತಿ ಮಾತನ್ನೂ ಅದೇ ಚಾನೆಲ್‌ನಲ್ಲಿ ಇನ್ನೊಮ್ಮೆ ಹೇಳುತ್ತದೆ. ಒಂದು ತುಣುಕಿಗೆ ಎರಡು ಸರದಿ ಖರ್ಚು. ಅದನ್ನು ಕೊಳ್ಳುವ ಮೊದಲು ಮನೆಯಲ್ಲಿ ಕದಲದ ಯಂತ್ರಗಳತ್ತ ನೋಡಿ. ಟೀವಿ, ಡೆಸ್ಕ್‌ಟಾಪ್, ಗೇಮ್ ಆಡುವ ಪೆಟ್ಟಿಗೆ. ಇವು ಗಾಳಿಯಲ್ಲಿ ಸಾಲು ನಿಲ್ಲಬೇಕಾದ ಅಗತ್ಯವೇ ಇಲ್ಲ. ಒಂದೊಂದಕ್ಕೂ ರೂಟರ್‌ನಿಂದ ಒಂದು ಕೇಬಲ್ ಎಳೆದುಬಿಟ್ಟರೆ ಅವುಗಳ ಸರದಿಯೆಲ್ಲ ಫೋನಿನ ಪಾಲಿಗೆ ಬರುತ್ತದೆ. ಗೆರೆಗಳು ಮೊದಲು ಎಷ್ಟಿದ್ದವೋ ಅಷ್ಟೇ ಇರುತ್ತವೆ, ವಿಡಿಯೊ ಓಡುತ್ತದೆ.