ಹ್ಯಾಮರ್ ಎಸೆಯುವುದು ಕಾಲಿನಿಂದ

ಹೊಲದಲ್ಲಿ ಕವಣೆ ಬೀಸಿದವರಿಗೆ ಇದು ಗೊತ್ತಿರುತ್ತದೆ. ಹಗ್ಗದ ತುದಿ ಬಿಟ್ಟಾಗ ಕಲ್ಲು ಸುತ್ತುತ್ತಾ ಹೋಗುವುದಿಲ್ಲ. ಬಿಟ್ಟ ಕ್ಷಣದಲ್ಲಿ ಅದು ಯಾವ ಕಡೆ ಹೊರಟಿತ್ತೋ ಆ ಕಡೆಗೇ ನೆಟ್ಟಗೆ ಹಾರುತ್ತದೆ. ಸ್ವಲ್ಪ ತಡವಾಗಿ ಬಿಟ್ಟರೆ ಪಕ್ಕದ ಹೊಲಕ್ಕೇ!

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಗಿದ್ದೂ ಇದೇ. ತಂತಿಗೆ ಕಟ್ಟಿದ ಗುಂಡನ್ನು ಸುತ್ತಿಸಿ ಎಸೆಯುವ ಹ್ಯಾಮರ್ ಥ್ರೋ ಒಲಿಂಪಿಕ್ಸ್‌ಗೆ ಬಂದಿದ್ದು ಆಗಲೇ. ಮೈದಾನದಲ್ಲಿ ಮರಗಳಿದ್ದವು, ಗುಂಡು ಹೋಗಿ ಮರಗಳ ನಡುವೆ ಬೀಳುತ್ತಿತ್ತು. ಗೆದ್ದವನು ಜಾನ್ ಫ್ಲಾನಗನ್, ದೂರ 49.73 ಮೀಟರ್. ಐರ್ಲೆಂಡಿನ ಲಿಮರಿಕ್ ಕಡೆಯವನು, ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕಿನಲ್ಲಿ ಪೊಲೀಸ್ ಆದವನು. 1904, 1908ರಲ್ಲೂ ಚಿನ್ನ ಅವನಿಗೇ. ಆಮೇಲೆ ಗೆದ್ದ ಮ್ಯಾಟ್ ಮೆಕ್‌ಗ್ರಾ, ಪ್ಯಾಟ್ರಿಕ್ ರಯಾನ್ ಕೂಡ ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಆಡಿದವರೇ.

ಹೆಸರು ಹ್ಯಾಮರ್ ಅಂತಿದ್ದರೂ ಅದು ಸುತ್ತಿಗೆ ಥರ ಇಲ್ಲ. ಲೋಹದ ಗುಂಡು, ಒಂದು ಉಕ್ಕಿನ ತಂತಿ, ತಂತಿಯ ತುದಿಗೆ ಹಿಡಿ, ಎಲ್ಲಾ ಸೇರಿ 7.26 ಕೆ.ಜಿ., ಅಷ್ಟೇ. 1908ರಲ್ಲಿ ಫ್ಲಾನಗನ್ ಎಸೆದಿದ್ದು 51.92 ಮೀಟರ್. ಅಷ್ಟು ದೂರ ಹೋಗಬೇಕಾದರೆ ಕೈಬಿಡುವಾಗ ಗುಂಡಿನ ವೇಗ ಗಂಟೆಗೆ ಸುಮಾರು 80 ಕಿ.ಮೀ. ಇರಬೇಕು. ಆ ವೇಗದಲ್ಲಿ ಸುತ್ತುವ ಗುಂಡನ್ನು ತಪ್ಪಿಸಿಕೊಳ್ಳದಂತೆ ಹಿಡಿದಿಡಲು ಬೇಕಾದ ಎಳೆತ ಹೆಚ್ಚುಕಡಿಮೆ 200 ಕೆ.ಜಿ. ತೂಕದಷ್ಟು. ಅಂದರೆ ನಾಲ್ಕು ಸಿಮೆಂಟ್ ಮೂಟೆ ತೋಳಿಗೆ ಜೋತುಬಿದ್ದ ಹಾಗೆ.

ಇಷ್ಟು ಕೇಳಿದ ಮೇಲೆ ಇದು ತೋಳಿನ ಆಟ ಅಂತಲೇ ಅನಿಸುತ್ತದೆ ಅಲ್ವಾ? ಆದರೆ ತೋಳು ಇಲ್ಲಿ ಬರೀ ಹಗ್ಗ. ವೇಗ ಬರುವುದು ಪಾದದಿಂದ. 7 ಅಡಿ ಅಗಲದ ವೃತ್ತದೊಳಗೆ ಎಸೆಯುವವನು ಒಂದು ಕಾಲಿನ ಹಿಮ್ಮಡಿ, ಮುಂಗಾಲಿನ ಮೇಲೆ ಗಿರಕಿ ಹೊಡೆಯುತ್ತಾನೆ. ಇನ್ನೊಂದು ಕಾಲು ಎತ್ತಿ, ಸುತ್ತಿ, ಬೇಗ ನೆಲಕ್ಕೆ ಇಡುತ್ತಾನೆ. ಗುಂಡನ್ನು ಚೆನ್ನಾಗಿ ತಳ್ಳಲು ಆಗುವುದು ಎರಡೂ ಕಾಲು ನೆಲದಲ್ಲಿದ್ದಾಗಲೇ. ಪಾದ ತೊಡಕಿದರೆ ಮುಗೀತು.

1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ಯಾಟ್ ಒ'ಕಾಲಹನ್‌ಗೆ ಹೀಗೇ ಆಯಿತು. ಈತ ಐರ್ಲೆಂಡಿನ ಡಾಕ್ಟರ್, ಹಿಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಬಂದವನು. ಅವನ ಬೂಟಿನ ಮೊಳೆಗಳು ಹುಲ್ಲು, ಮಣ್ಣಿನ ನೆಲಕ್ಕೆಂದು ಮಾಡಿಸಿದವು. ಇಲ್ಲಿ ನೋಡಿದರೆ ಗಟ್ಟಿ ಸಿಂಡರ್ ನೆಲ, ಅಂದರೆ ಸುಟ್ಟ ಕಲ್ಲಿದ್ದಲಿನ ಚೂರು ಹಾಸಿದ ನೆಲ. ಮೂರನೇ ಗಿರಕಿ ಬರುವಷ್ಟರಲ್ಲಿ ಮೊಳೆ ಕಚ್ಚಿಕೊಂಡು ಪಾದ ತಿರುಗುತ್ತಲೇ ಇರಲಿಲ್ಲ. ಹೇಗೋ ಕೊನೆಯ ಹಂತ ತಲುಪಿದ. ನಡುವೆ ಸ್ವಲ್ಪ ಬಿಡುವು ಸಿಕ್ಕಿತು. ಮೈದಾನ ನೋಡಿಕೊಳ್ಳುವವರ ಶೆಡ್ಡಿಗೆ ಹೋಗಿ ಗರಗಸ, ಅರ ಹುಡುಕಿ ತಂದ. ಮೊಳೆಗಳನ್ನು ಕೊಯ್ದು ಹಾಕಿದ.

ಮತ್ತೆ ವೃತ್ತಕ್ಕೆ ಇಳಿದ. ಈ ಸಲ ಪಾದ ಸರಾಗವಾಗಿ ತಿರುಗಿತು. 53.92 ಮೀಟರ್. ಬೆಳ್ಳಿ ಗೆದ್ದ ಫಿನ್‌ಲೆಂಡಿನ ವಿಲ್ಲೆ ಪೊರ್ಹೊಲಾನಿಗಿಂತ 1.65 ಮೀಟರ್ ಜಾಸ್ತಿ.