ತರಗು ಬೆಂಕಿ ಆರಿದ ಮೇಲೆ: ಲಂಟಾನ ನಮ್ಮ ಕಾಡು ತುಂಬಿದ್ದು ಹೇಗೆ?

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಬಂಡೀಪುರ ಹೊಕ್ಕ ಕೂಡಲೇ ಕಾರಿನಲ್ಲಿ ಯಾರಾದರೂ ಹೇಳುವ ಮಾತು: ‘ಎಷ್ಟು ದಟ್ಟ ಕಾಡು ನೋಡಿ!’ ರಸ್ತೆ ಪಕ್ಕದ ಒಂದಷ್ಟು ಅಗಲ ಸವರಿರುತ್ತಾರೆ. ಅದರಾಚೆ ಹಸಿರು ಗೋಡೆ ಶುರು. ಮಳೆ ಮುಗಿದ ಹೊಸತರಲ್ಲಂತೂ ಕಣ್ಣಿಗೆ ತಂಪು. ಆದರೆ ಆ ಗೋಡೆಯನ್ನು ಸ್ವಲ್ಪ ನಿಂತು ನೋಡಬೇಕು. ಅದು ಮರಗಳ ಗೋಡೆಯಲ್ಲ. ಆಳೆತ್ತರಕ್ಕೂ ಮೀರಿದ ಒಂದೇ ಜಾತಿಯ ಪೊದೆ, ಒಂದರ ಮೇಲೊಂದು ಬಿದ್ದು ಹೆಣೆದುಕೊಂಡಿರುತ್ತದೆ. ಒಳಗೆ ಹುಲ್ಲಿಲ್ಲ. ಮರದ ಸಸಿಗಳೂ ಕಡಿಮೆ. ಅದೇ ಲಂಟಾನ.

ಈ ಗಿಡ ನೋಡದ ಕನ್ನಡಿಗರು ಕಡಿಮೆ. ಚಿಕ್ಕವರಿದ್ದಾಗ ಬೇಲಿಯಲ್ಲಿ ಇದರ ಕಪ್ಪು ಹಣ್ಣು ಕಿತ್ತು ತಿಂದಿದ್ದೇವೆ. ಹೂಗೊಂಚಲಿನ ನಡುವೆ ಹಳದಿ, ಸುತ್ತ ಗುಲಾಬಿ ಬಣ್ಣ. ಹೊಸದಾಗಿ ಅರಳಿದ ಹೂವು ಹಳದಿ ಇರುತ್ತದೆ, ಆಮೇಲೆ ಬಣ್ಣ ತಿರುಗುತ್ತದೆ. ಚಿಟ್ಟೆಗಳು ಹಳದಿಯನ್ನೇ ಹುಡುಕಿ ಕೂರುತ್ತವೆ. ಎಲೆ ಉಜ್ಜಿದರೆ ಗಬ್ಬು ವಾಸನೆ, ಕಾಂಡ ಹಿಡಿದರೆ ಮುಳ್ಳು ತರಚುತ್ತದೆ. ಇಷ್ಟು ಪರಿಚಯದ ಗಿಡ ನಮ್ಮದಲ್ಲ ಎನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿಂದ ಯುರೋಪಿಗೆ ಹೋಗಿ, ಅಲ್ಲಿನ ತೋಟಗಾರರ ಕೈಯಲ್ಲಿ ಬಗೆಬಗೆಯ ಬಣ್ಣದ ತಳಿಯಾಯಿತು. 1809ರ ಸುಮಾರಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂತು. ತಂದದ್ದು ಅಂದಕ್ಕಾಗಿ. ಆಮೇಲೆ ಬಂಗಲೆಗಳ ಅಂಗಳಕ್ಕೆ, ಎಸ್ಟೇಟುಗಳ ಬೇಲಿಗೆ ಹೋಯಿತು. ಅಲ್ಲಿಂದ ಮುಂದಕ್ಕೆ ಒಯ್ಯಲು ಮನುಷ್ಯರು ಬೇಕಾಗಲಿಲ್ಲ. ಪಿಕಳಾರ ಹಕ್ಕಿ ಹಣ್ಣು ತಿಂದು, ಇನ್ನೊಂದು ಮರದ ಮೇಲೆ ಕೂತು ಹಿಕ್ಕೆ ಹಾಕಿದರೆ ಸಾಕು.

ಕರ್ನಾಟಕದಲ್ಲಿ ಇದರ ಏಟನ್ನು ಮೊದಲು ಜೋರಾಗಿ ಕಂಡದ್ದು ಕೊಡಗು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಕಾಂಡ ಕೊರೆಯುವ ಹುಳ ಮತ್ತು ಎಲೆ ರೋಗದಿಂದ ಎಷ್ಟೋ ಕಾಫಿ ತೋಟಗಳು ಪಾಳು ಬಿದ್ದವು. ಮರ ಕಡಿದು, ನೆಲ ಬಗೆದು, ಆಮೇಲೆ ಕೈಬಿಟ್ಟ ಜಾಗ ಲಂಟಾನಕ್ಕೆ ಹಬ್ಬ. ಅಲ್ಲಿಂದ ಅದು ಪಕ್ಕದ ಕಾಡಿಗೆ ನುಗ್ಗಿತು. ಆ ಕಾಡಿನಲ್ಲಿ ಇದ್ದದ್ದು ಸರ್ಕಾರದ ಬೊಕ್ಕಸ ತುಂಬುವ ಶ್ರೀಗಂಧ. ಮೈಸೂರು ಸೀಮೆಯಲ್ಲಿ 1792ರಲ್ಲಿ ಟಿಪ್ಪು ಸುಲ್ತಾನ್ ಗಂಧದ ಮರವನ್ನು ರಾಜ್ಯದ ಸ್ವತ್ತು ಎಂದು ಸಾರಿದ ಕಾಲದಿಂದಲೂ ಅದಕ್ಕೆ ಕಾವಲು, ಲೆಕ್ಕ, ಪತ್ರ ಎಲ್ಲ ಇತ್ತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕೊಡಗಿನ ಗಂಧಕ್ಕೆ ಹೊಸ ರೋಗ ಕಾಣಿಸಿತು. ಎಲೆ ಸಣ್ಣಗಾಗಿ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು, ಮರ ಒಣಗುತ್ತಿತ್ತು. ಸ್ಪೈಕ್ ರೋಗ. ಅದೇ ಕಾಡಲ್ಲಿ ಲಂಟಾನವೂ ಹಬ್ಬುತ್ತಿದ್ದರಿಂದ ಎರಡಕ್ಕೂ ನಂಟಿರಬೇಕು ಎಂದು ಅರಣ್ಯಾಧಿಕಾರಿಗಳಿಗೆ ಗುಮಾನಿ ಬಂತು.

ಆಗಿನ ಅರಣ್ಯಾಧಿಕಾರಿ ಟೈರ್‌ಮನ್ 1916ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಕೊಡಗಿನ ಕಾಡಿನ ಲಂಟಾನದ ಬಗ್ಗೆಯೇ ಲೇಖನ ಬರೆದರು. ಅದೇ ಹೊತ್ತಿಗೆ ವೈ. ರಾಮಚಂದ್ರ ರಾವ್ ಎಂಬ ಕೀಟತಜ್ಞರಿಗೆ ಒಂದು ಕೆಲಸ ಸಿಕ್ಕಿತು. ಲಂಟಾನವನ್ನು ತಿಂದು ಹಿಡಿತದಲ್ಲಿಡುವ ಹುಳ ನಮ್ಮ ದೇಶದಲ್ಲೇ ಇದೆಯಾ ನೋಡಿ ಅಂತ. ಅವರು ಬೇರೆ ಬೇರೆ ಪ್ರಾಂತ್ಯ ಸುತ್ತಿ, ಈ ಗಿಡದ ಮೇಲೆ ಬದುಕುವ ನೂರಕ್ಕೂ ಹೆಚ್ಚು ಬಗೆಯ ಕೀಟ ಹುಡುಕಿದರು. 1920ರಲ್ಲಿ ವರದಿ ಅಚ್ಚಾಯಿತು. ಇದನ್ನು ತಡೆಯುವ ತಾಕತ್ತು ಅವುಗಳಲ್ಲಿ ಒಂದಕ್ಕೂ ಇರಲಿಲ್ಲ. ಮರುವರ್ಷವೇ ಹವಾಯಿಯಿಂದ ಲಂಟಾನದ ಹಣ್ಣು ಕೊರೆಯುವ ಸಣ್ಣ ನೊಣವನ್ನು ಬೆಂಗಳೂರಿಗೆ ತರಿಸಿದರು. ಆ ನೊಣ ಇಲ್ಲಿ ನೆಲೆ ನಿಂತಿತು. ಲಂಟಾನವೂ ನಿಂತಿತು. 1941ರಲ್ಲಿ ಡೆಹ್ರಾಡೂನಿಗೆ ಎಲೆ ಹೀರುವ ಇನ್ನೊಂದು ಕೀಟ ಬಂತು. ಅದರಿಂದಲೂ ಆಗಲಿಲ್ಲ. ಗಂಧದ ಸ್ಪೈಕ್ ರೋಗಕ್ಕೆ ಬರಿಗಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಕಾರಣ ಎಂದು ಗೊತ್ತಾಗಿದ್ದು 1960ರ ದಶಕದ ಕೊನೆಯಲ್ಲಿ.

ಈ ನೂರು ವರ್ಷ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಈ ಗಿಡವನ್ನು ಕೊಲ್ಲುವುದು ಹೇಗೆ? ಇದು ಬಂದು ನಿಲ್ಲುವಂಥ ಜಾಗ ನಮ್ಮ ಕಾಡಿನಲ್ಲಿ ಯಾಕೆ ಉಂಟಾಯಿತು ಎಂದು ಕೇಳಿದವರು ಕಡಿಮೆ. ಅದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಬರಬೇಕು.

ಈ ಬೆಟ್ಟದ ಕಾಡು ಸೋಲಿಗ ಆದಿವಾಸಿಗಳ ಮನೆ. ಪೋಡು ಎನ್ನುವ ಸಣ್ಣ ಹಾಡಿಗಳಲ್ಲಿ ಬದುಕಿ, ಜಾಗ ಬದಲಿಸುತ್ತಾ ರಾಗಿ ಬೆಳೆದು, ಜೇನು, ನೆಲ್ಲಿ, ಸೀಗೆ, ಗೆಡ್ಡೆ ಗೆಣಸು ಆರಿಸುತ್ತಿದ್ದ ಜನ. ಬೇಸಿಗೆ ಏರುವ ಮೊದಲು, ಇಬ್ಬನಿ ಇನ್ನೂ ಬೀಳುವ ದಿನಗಳಲ್ಲಿ, ಅವರು ನೆಲದ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತಲೇ ಅದರ ಹೆಸರು. ಮೊಣಕಾಲೆತ್ತರದ ಬೆಂಕಿ, ಒಣಗಿದ ಎಲೆ ಹುಲ್ಲು ಸುಟ್ಟು ಮುಂದೆ ಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಮಳೆ ಬಿದ್ದರೆ ಆ ಜಾಗದಲ್ಲಿ ಹೊಸ ಹುಲ್ಲು. ಜಿಂಕೆ, ಕಾಟಿ ಬಂದು ಮೇಯುತ್ತವೆ. ನಡೆಯಲು ದಾರಿ ಬಿಡುತ್ತದೆ, ಎದುರಿಗೆ ಆನೆ ಇದ್ದರೆ ದೂರದಿಂದಲೇ ಕಾಣುತ್ತದೆ.

ಅರಣ್ಯ ಇಲಾಖೆಯ ಕಣ್ಣಿಗೆ ಬೆಂಕಿ ಎಂದರೆ ಬ್ರಿಟಿಷರ ಕಾಲದಿಂದಲೂ ಅಪರಾಧ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೇಸಾಯ ನಿಂತಿತು. ಬೆಂಕಿ ಹಾಕುವುದಂತೂ ಪೂರ್ತಿ ನಿಂತಿತು. ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ರಸ್ತೆ ಹತ್ತಿರ ಒಂದುಕಡೆ ಸೇರಿಸಿದರು. ಕಾಡನ್ನು ಉಳಿಸಬೇಕು ಎಂಬ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಆ ಕಾಡಿನ ನೆಲ ಅಷ್ಟು ಕಾಲ ತೆರೆದಿದ್ದದ್ದು ಯಾರ ಕೈಯಿಂದ ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಸೋಲಿಗ ಹಿರಿಯರು ಹೇಳುವುದು ಇಷ್ಟೇ. ಲಂಟಾನ ಮೊದಲೂ ಇತ್ತು, ಅಲ್ಲೊಂದು ಇಲ್ಲೊಂದು. ತರಗು ಬೆಂಕಿ ನಿಂತ ಮೇಲೆ ಕಾಡೆಲ್ಲ ಅದೇ ಆಯಿತು. ಇದರಲ್ಲಿ ಹುರುಳಿದೆ. ಹೋದ ಮಳೆಗೆ ಹುಟ್ಟಿದ ಗೇಣುದ್ದದ ಲಂಟಾನ ಸಸಿ ಸಣ್ಣ ಬೆಂಕಿಗೂ ಸಾಯುತ್ತದೆ. ಬುಡ ದಪ್ಪಗಾದ ಪೊದೆ ಹಾಗಲ್ಲ. ಮೇಲೆಲ್ಲ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ವರ್ಷ ವರ್ಷ ಸಸಿಗಳನ್ನು ಸುಡುತ್ತಿದ್ದ ಬೆಂಕಿ ನಿಂತಿತು, ಸಸಿಗಳು ಪೊದೆಯಾದವು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ (ATREE) ಸಂಶೋಧಕರಾದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಇದನ್ನು ಅಳೆದೇ ನೋಡಿದರು. ಬೆಟ್ಟದಲ್ಲಿ 134 ಜಾಗಗಳನ್ನು 1997ರಲ್ಲಿ ಗುರುತಿಸಲಾಗಿತ್ತು. ಆಗ ಅವುಗಳಲ್ಲಿ ಶೇ 41ರಷ್ಟರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಜಾಗಗಳಿಗೆ ಮತ್ತೆ ಹೋದಾಗ ಅದು ಶೇ 81 ಆಗಿತ್ತು. ಹನ್ನೊಂದೇ ವರ್ಷ. ಒಂದು ಮಗು ಶಾಲೆಗೆ ಸೇರಿ ಹೈಸ್ಕೂಲು ಮುಗಿಸುವಷ್ಟು ಹೊತ್ತಿನಲ್ಲಿ ಒಂದು ಬೆಟ್ಟದ ನೆಲವೇ ಬದಲಾಯಿತು.

ನಷ್ಟ ಒಂದೇ ರೀತಿಯದಲ್ಲ. ನೆಲ್ಲಿಯನ್ನೇ ನೋಡಿ. ಸೋಲಿಗರ ಕೈಗೆ ನಾಲ್ಕು ಕಾಸು ತರುತ್ತಿದ್ದ ಕಾಡುತ್ಪನ್ನ ಅದು. ಈಗ ನೆಲ್ಲಿ ಮರಕ್ಕೆ ಹೋಗಲು ಲಂಟಾನ ಸೀಳಿಕೊಂಡು ಹೋಗಬೇಕು. ಹೋದರೂ ಮರದ ತುಂಬ ಬಂದಳಿಕೆ, ಮರದ ರಸ ಹೀರಿ ಬದುಕುವ ಗಿಡ. ಸೋಲಿಗರ ಬಾಯಲ್ಲಿ ಅದು ಉಪ್ಪಿಲು. ಬೆಂಕಿಯ ಕಾವು ತಾಗುತ್ತಿದ್ದಾಗ ಉಪ್ಪಿಲು ಇಷ್ಟು ಇರುತ್ತಿರಲಿಲ್ಲ ಎನ್ನುತ್ತಾರೆ ಅವರು. ಬುಡದಲ್ಲಿ ಹೊಸ ನೆಲ್ಲಿ ಸಸಿ ಬರಬೇಕಾದರೆ ಬೆಳಕು ಬೇಕು. ಲಂಟಾನದಡಿ ಬೆಳಕೆಲ್ಲಿ? ಈ ನಡುವೆ 2006ರ ಹೊತ್ತಿಗೆ ವನ್ಯಜೀವಿ ಕಾಯ್ದೆ ತೋರಿಸಿ ಮಾರಾಟಕ್ಕಾಗಿ ಕಾಡುತ್ಪನ್ನ ಆರಿಸುವುದನ್ನೇ ನಿಲ್ಲಿಸಿದರು. ಕಾಡಿನೊಳಗೆ ದಿನಾ ಓಡಾಡುತ್ತಿದ್ದ ಕಾಲುಗಳು ಇನ್ನೂ ಕಡಿಮೆಯಾದವು.

ಹುಲ್ಲು ಹೋದರೆ ಮೇಯುವ ಪ್ರಾಣಿಗೂ ಕಷ್ಟ. ದನ ಲಂಟಾನ ತಿಂದರೆ ಅದರ ವಿಷ ಯಕೃತ್ತಿಗೆ, ಅಂದರೆ ಲಿವರ್‌ಗೆ, ಹೊಡೆಯುತ್ತದೆ. ಆಮೇಲೆ ಬಿಸಿಲಿಗೆ ನಿಂತರೆ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ. ಕಾಡಂಚಿನ ಊರುಗಳಲ್ಲಿ ಇನ್ನೊಂದು ಭಯ. ಪೊದೆ ಹೊಲದ ಅಂಚಿನವರೆಗೂ ಬಂದಿರುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ.

ಇದು ಒಂದು ಬೆಟ್ಟದ ಕಥೆಯಷ್ಟೇ ಅಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಲಂಟಾನ ದೇಶದಲ್ಲಿ 1.5 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ಕಾಡನ್ನು ಆವರಿಸಿದೆ. ಇಡೀ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರು. ಹೋಲಿಸಿ ನೋಡಿ.

ಹಾಗಾದರೆ ತರಗು ಬೆಂಕಿಯನ್ನು ಮತ್ತೆ ಶುರು ಮಾಡಿದರೆ ಆಯಿತಲ್ವಾ? ಅಷ್ಟು ಸುಲಭ ಇಲ್ಲ. ಈಗ ನೆಲದಲ್ಲಿರುವುದು ಬರೀ ತರಗಲ್ಲ, ಆಳೆತ್ತರದ ಒಣ ಕಡ್ಡಿಯ ರಾಶಿ. ಅದಕ್ಕೆ ಕಿಡಿ ತಾಗಿದರೆ ಬೆಂಕಿ ಮೊಣಕಾಲೆತ್ತರದಲ್ಲಿ ನಿಲ್ಲುವುದಿಲ್ಲ. ಪೊದೆ ಹಿಡಿದು ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿರಬಹುದು. ಸಾವಿರಾರು ಎಕರೆ ಬೂದಿಯಾಯಿತು. ಆ ಬೆಂಕಿಗೆ ಒಣಗಿದ ಲಂಟಾನವೇ ಸೌದೆಯಾಯಿತು. ಅಂಥ ಬೆಂಕಿಯ ನಂತರ ಖಾಲಿ ನೆಲದಲ್ಲಿ ಮೊದಲು ಚಿಗುರುವುದೂ ಲಂಟಾನವೇ. ಬೆಂಕಿ ಹಾಕುವುದನ್ನು ನಿಲ್ಲಿಸಿದ್ದರಿಂದ ಹೆಚ್ಚಿದ ಗಿಡ ಈಗ ಬೆಂಕಿಯಿಂದಲೂ ಹೆಚ್ಚುತ್ತಿದೆ. ಅದಕ್ಕೇ ಮೊದಲು ಕೈಯಿಂದ ಕಿತ್ತು ತೆಗೆಯಬೇಕು, ಬೆಂಕಿಯ ಮಾತು ಆಮೇಲೆ.

ಕೀಳುವುದಕ್ಕೂ ಒಂದು ಕ್ರಮ ಇದೆ. ಮಚ್ಚು ಹಿಡಿದು ಮೇಲೆ ಸವರಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಜೆಸಿಬಿಯಿಂದ ಬುಡಸಮೇತ ಎತ್ತಿದರೆ ಮಣ್ಣು ಸಡಿಲವಾಗಿ, ಅದರಲ್ಲಿ ಮಲಗಿದ್ದ ಬೀಜವೆಲ್ಲ ಮೊಳೆಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ತೋರಿಸಿಕೊಟ್ಟರು. ಇಬ್ಬರು ಸಾಕು. ಒಬ್ಬರು ಪೊದೆಯನ್ನು ಒಂದು ಬದಿಗೆ ಬಗ್ಗಿಸಿ ಹಿಡಿಯುತ್ತಾರೆ. ಇನ್ನೊಬ್ಬರು ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ಕಾಂಡ ಬೇರು ಕೂಡುವ ಜಾಗದ ಕೆಳಗೆ ಗುದ್ದಲಿಯಿಂದ ಏಟು ಹಾಕುತ್ತಾರೆ. ಗಿಡ ಬಿಡಿಸಿಕೊಳ್ಳುತ್ತದೆ. ಅದನ್ನು ಬುಡ ಮೇಲಾಗಿ ತಲೆಕೆಳಗೆ ನಿಲ್ಲಿಸಿ ಒಣಗಿಸಬೇಕು. ಬೇರು ನೆಲಕ್ಕೆ ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಬಂಡೀಪುರದ ಅಂಚಿನಲ್ಲಿ ಜಂಗಲ್‌ಸ್ಕೇಪ್ಸ್ ಸಂಸ್ಥೆ ಅಲ್ಲಿನ ಊರಿನವರ ಜೊತೆ ಸೇರಿ ಇದೇ ರೀತಿ ಕಾಡು ಬಿಡಿಸುತ್ತಿದೆ.

ಕಿತ್ತ ಕಡ್ಡಿಯೂ ಸುಮ್ನೆ ಹೋಗಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ನೆರವಿನಿಂದ 2004ರಿಂದ ಲಂಟಾನದ ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ಕಡ್ಡಿಯನ್ನು ಹಂಡೆಯಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸುತ್ತಾರೆ. ಒಣಗಿದರೆ ಬೆತ್ತದ ಹಾಗೆ ಗಟ್ಟಿ. ನೀಲಗಿರಿಯ ಗೂಡಲೂರು ಕಡೆಯ ಆದಿವಾಸಿಗಳು ಕಟ್ಟಿದ, ನಿಜದ ಆನೆಯಷ್ಟೇ ಗಾತ್ರದ ಲಂಟಾನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ನೋಡಿದರೆ ಹೆಮ್ಮೆಯಾಗುತ್ತದೆ, ಕೈಕೆಲಸ ಅಂಥದ್ದು. ಆದರೆ ಒಂದೂವರೆ ಲಕ್ಷ ಚದರ ಕಿಲೋಮೀಟರಿನ ಲಂಟಾನ ಕುರ್ಚಿ ಮಾಡಿ ಮುಗಿಯುವುದಲ್ಲ. ಒಂದು ಕುಟುಂಬಕ್ಕೆ ಕೂಲಿ ಹುಟ್ಟುತ್ತದೆ, ಅದು ದೊಡ್ಡದು. ಕಾಡು ಬಿಡುಗಡೆಯಾಗಲು ಬೇರೆಯದೇ ಬೇಕು.

ಅಷ್ಟರಲ್ಲಿ ಅದೇ ತಪ್ಪು ಇನ್ನೊಂದು ಹೆಸರಿನಲ್ಲಿ ಬಂದಿದೆ. ವಯನಾಡಿನಲ್ಲಿ 1980ರ ದಶಕದಲ್ಲಿ ನೆರಳಿಗೆಂದು, ಚೆಂದಕ್ಕೆಂದು ನೆಟ್ಟ ಹಳದಿ ಹೂವಿನ ಸೆನ್ನಾ ಮರ ಈಗ ನಾಗರಹೊಳೆ, ಬಂಡೀಪುರದ ಒಳಗಿದೆ. ಅದನ್ನೂ ಕಡಿದರೆ ಬುಡದಿಂದ ಚಿಗುರುತ್ತದೆ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಮೀಸಲಿನಲ್ಲಿ ಹೀಗಾಗಿದ್ದು ದೇಶದಲ್ಲೇ ಮೊದಲು. ಆ ಹಕ್ಕಿನಲ್ಲಿ ಕಾಡನ್ನು ನೋಡಿಕೊಳ್ಳುವ ಹಕ್ಕೂ ಸೇರಿದೆ. ಕಾಗದದ ಮೇಲಿನ ಆ ಹಕ್ಕು ಲಂಟಾನ ತೆಗೆಯುವ ಕೆಲಸದಲ್ಲಿ ಪೂರ್ತಿ ಬಳಕೆಗೆ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಾರಣ ಸರಳ. ಲಂಟಾನ ಕೀಳುವುದು ಒಂದು ಸಲದ ಗುತ್ತಿಗೆ ಕೆಲಸ ಅಲ್ಲ. ಸರ್ಕಾರದ ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುತ್ತದೆ. ಲಂಟಾನದ ಬೀಜ ಮೊಳೆಯುವುದು ಅದಾದ ಮೇಲೆ, ಮಳೆ ಹಿಡಿದಾಗ. ಆಗ ಯಾರಾದರೂ ಕಾಡಿಗೆ ಹೋಗಿ, ಹಕ್ಕಿ ಕೂರುವ ಮರಗಳ ಬುಡವನ್ನು ಹುಡುಕಿ ನೋಡಬೇಕು. ಅಲ್ಲೇ ಸಸಿ ಜಾಸ್ತಿ. ಎರಡೆಲೆ, ನಾಲ್ಕೆಲೆ ಇರುತ್ತದೆ. ಒದ್ದೆ ಮಣ್ಣಿನಲ್ಲಿ ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರುಸಮೇತ ಕೈಗೆ ಬರುತ್ತದೆ. ಮರುವರ್ಷವೂ ಬರಬೇಕು, ಅದರ ಮರುವರ್ಷವೂ. ಯಾವ ಮರದಲ್ಲಿ ಪಿಕಳಾರ ಕೂರುತ್ತದೆ ಎಂದು ಪೋಡಿನವರಿಗೆ ಗೊತ್ತು.