ನಮ್ಮ ರೇಖಾಂಶದ ಉಪಗ್ರಹಕ್ಕೂ ಝೆನಾನ್ ಅನಿಲ ಯಾಕೆ ಬೇಕು?

ಅಟ್ಲಾಸ್ ತೆಗೆದು ಹುಬ್ಬಳ್ಳಿ-ಧಾರವಾಡದ ರೇಖಾಂಶ ನೋಡಿ, ಸುಮಾರು 75 ಡಿಗ್ರಿ ಪೂರ್ವ. ಭೂಸ್ಥಿರ ಕಕ್ಷೆಯ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತಾ ಉಪಗ್ರಹ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಕಕ್ಷೆಯ, ಪಾಠದಲ್ಲೂ ಇದೇ ಅಂಕಿ ಬರುತ್ತದೆ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲ, ಅದಕ್ಕೇ 35,786 ಕಿ.ಮೀ. ಎತ್ತರದ ಉಪಗ್ರಹವನ್ನು ಸುಮ್ನೆ ಬಿಟ್ಟರೆ ನಿಧಾನಕ್ಕೆ ಪೂರ್ವಕ್ಕೋ ಪಶ್ಚಿಮಕ್ಕೋ ಜಾರುತ್ತದೆ. ಜಾರಿದರೂ ಮತ್ತೆ ತನ್ನ ಕಡೆಗೇ ಎಳೆದುಕೊಳ್ಳುವ ಜಾಗಗಳು ಎರಡೇ: ಒಂದು 75 ಡಿಗ್ರಿ ಪೂರ್ವದ ಹತ್ತಿರ, ಇನ್ನೊಂದು 105 ಡಿಗ್ರಿ ಪಶ್ಚಿಮದ ಹತ್ತಿರ. ನಮ್ಮೂರಿನಿಂದ ನೇರ ದಕ್ಷಿಣಕ್ಕೆ ಮುಖ ಮಾಡಿ 72 ಡಿಗ್ರಿಯಷ್ಟು ತಲೆ ಎತ್ತಿದರೆ ಆ ಜಾಗ ಅಲ್ಲೇ ಇದೆ! ಅಲ್ಲಿ ಪೂರ್ವ-ಪಶ್ಚಿಮ ತಿದ್ದುವ ಖರ್ಚು ತೀರಾ ಕಡಿಮೆ. ಬೇರೆ ಕಡೆಯೂ ಒಂದು ವರ್ಷದಲ್ಲಿ ಉಪಗ್ರಹದ ವೇಗವನ್ನು ಒಟ್ಟು ಸೆಕೆಂಡಿಗೆ 2 ಮೀಟರ್ ಆಸುಪಾಸು ಬದಲಿಸಿದರೆ ಸಾಕು, ಅಷ್ಟೇ.

ಹಾಗಾದರೆ ಇಂಧನ ಎಲ್ಲಿ ಹೋಗುತ್ತದೆ? ಉತ್ತರ-ದಕ್ಷಿಣಕ್ಕೆ. ಸೂರ್ಯ, ಚಂದ್ರ ಎರಡೂ ಸೇರಿ ಕಕ್ಷೆಯನ್ನು ವಾಲಿಸುತ್ತಲೇ ಇರುತ್ತವೆ, ವರ್ಷಕ್ಕೆ ಮುಕ್ಕಾಲು ಡಿಗ್ರಿಗೂ ಜಾಸ್ತಿ, ಇದು ಯಾವ ರೇಖಾಂಶದಲ್ಲಿದ್ದರೂ ತಪ್ಪಿದ್ದಲ್ಲ. ವಾಲಿದ ಮೇಲೆ ಉಪಗ್ರಹ ದಿನಾ 8ರ ಆಕಾರದಲ್ಲಿ ಓಡಾಡುತ್ತದೆ. ಮಾಳಿಗೆ ಮೇಲೆ ಬೋಲ್ಟ್ ಬಿಗಿದು ಕೂರಿಸಿದ ಡಿಶ್ ಅದರ ಹಿಂದೆ ತಿರುಗಲ್ಲ ಅಲ್ವಾ? ಇದನ್ನು ತಿದ್ದಲು ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರ್ ವೇಗ ಬದಲಾವಣೆ ಬೇಕು.

ಈಗ ಲೆಕ್ಕ ಮಾಡೋಣ. ಉಪಗ್ರಹ 3,000 ಕೆ.ಜಿ., ಆಯಸ್ಸು 15 ವರ್ಷ ಅಂದುಕೊಳ್ಳಿ. ಒಟ್ಟು ಸೆಕೆಂಡಿಗೆ 750 ಮೀಟರ್. ರಾಸಾಯನಿಕ ಇಂಧನದ ಅನಿಲ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಹೊರಬರುತ್ತದೆ, ಅದಕ್ಕೆ 660 ಕೆ.ಜಿ. ಬೇಕಾಗುತ್ತದೆ. ವಿದ್ಯುತ್ ಥ್ರಸ್ಟರ್, ಅಂದರೆ ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್, ಝೆನಾನ್ ಅನಿಲವನ್ನು ಅಯಾನು (ವಿದ್ಯುದಾವೇಶ ಇರುವ ಕಣ) ಮಾಡಿ, ಸೌರ ಫಲಕದ ವಿದ್ಯುತ್ತಿನಿಂದ ಸೆಕೆಂಡಿಗೆ 15 ಕಿ.ಮೀ. ವೇಗದಲ್ಲಿ ದೂಡುತ್ತದೆ, ಅದಕ್ಕೆ ಸುಮಾರು 150 ಕೆ.ಜಿ. ಸಾಕು. ಅರ್ಧ ಟನ್ ಉಳಿತಾಯ!

ಆದರೆ ಈ ಥ್ರಸ್ಟರಿನ ಬಲ ಸುಮಾರು 0.08 ನ್ಯೂಟನ್, ಅಂಗೈ ಮೇಲಿಟ್ಟ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಇಷ್ಟರಿಂದ ಏನಾದೀತು ಅಂತ ಅನ್ನಿಸುವುದು ಸಹಜ. ವಾಲುವುದೂ ಅಷ್ಟೇ ನಿಧಾನ ಅನ್ನೋದನ್ನ ಮರೆಯಬೇಡಿ. 50ನ್ನು 365ರಿಂದ ಭಾಗಿಸಿ, 3,000ದಿಂದ ಗುಣಿಸಿ, 0.08ರಿಂದ ಭಾಗಿಸಿ: ಸುಮಾರು 5,100 ಸೆಕೆಂಡು, ಅಂದರೆ ದಿನಕ್ಕೆ ಒಂದೂವರೆ ಗಂಟೆಯೂ ಆಗಲ್ಲ. ನಿಜದಲ್ಲಿ ಥ್ರಸ್ಟರನ್ನು ಓರೆಯಾಗಿ ಜೋಡಿಸಿರುತ್ತಾರೆ, ಹೊಗೆಯಂತೆ ಹರಡುವ ಅಯಾನುಗಳು ಸೌರ ಫಲಕಕ್ಕೆ ಬಡಿಯಬಾರದು ಅಂತ, ಹಾಗಾಗಿ ಇನ್ನೂ ಸ್ವಲ್ಪ ಹೊತ್ತು ಉರಿಸಬೇಕು.

ಇಸ್ರೋ 2010ರಲ್ಲೇ ಜಿಸ್ಯಾಟ್-4ರಲ್ಲಿ ಇಂಥ ಥ್ರಸ್ಟರ್ ಕಳಿಸಿತ್ತು, ರಾಕೆಟ್ಟೇ ವಿಫಲವಾಯಿತು. 2017ರ ಮೇ 5ರಂದು ಹಾರಿದ ಜಿಸ್ಯಾಟ್-9ರಲ್ಲಿ ಅದು ಕಕ್ಷೆ ತಲುಪಿತು.